ಕೊರೆಯದೆ ಬಿಟ್ಟ ಎರಡನೇ ಸಾಲು

ಮೊಮ್ಮಗಳು ಕಲಬುರಗಿಯಿಂದ ಒಂದು ಸರ ಅಂಜೂರ ತಂದಳು. ಒಣಗಿಸಿ, ಚಪ್ಪಟೆ ಮಾಡಿ, ನಾರಿಗೆ ಪೋಣಿಸಿದ್ದು. ನನ್ನ ಮೈಯಲ್ಲಿ ರಕ್ತ ಕಡಿಮೆಯಂತೆ, ದಿನಾ ಎರಡು ನೆನೆಹಾಕಿ ತಿನ್ನಬೇಕಂತೆ. ಡಬ್ಬಿಗೆ ಹಾಕೋಣವೆಂದು ಪ್ಲಾಸ್ಟಿಕ್ ಹರಿದೆ. ವಾಸನೆ ಬಂತು... ಬೆಲ್ಲದ ಹಾಗೆ, ಆದರೆ ಬೆಲ್ಲವಲ್ಲ, ಹಳೆಯ ಗೋಣಿಚೀಲದ ವಾಸನೆಯೂ ಸ್ವಲ್ಪ ಸೇರಿದ್ದು. ಅದರ ಹಿಂದೆಯೇ ಕಲ್ಲಿನ ಪುಡಿಯ ವಾಸನೆ. ಮನೆಯಲ್ಲಿ ಕಲ್ಲಿನ ಪುಡಿ ಎಲ್ಲಿಂದ ಬರಬೇಕು? ನಾನು ಗಣಿಯ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಡಬ್ಬಿ ಹಿಡಿದುಕೊಂಡು ಒಂದು ಗಳಿಗೆ ನಿಂತ ಮೇಲೆ ತಿಳಿಯಿತು. ಅದು ಮಾಸ್ತರರ ಅಂಗೈಯ ವಾಸನೆ.

ಹಳೆಯದನ್ನು ನೆನೆದು ಕಣ್ಣೊರೆಸಿಕೊಳ್ಳುವ ಚಾಳಿ ನನಗಿಲ್ಲ. ಸತ್ತವರು ಸತ್ತರು. ಆದರೆ ಸಿಟ್ಟು ಸತ್ತಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ಶಾಲೆಯಲ್ಲಿ ನಾನು ಓದಿದ್ದು ಎರಡನೇ ಇಯತ್ತೆ. ಮೊಮ್ಮಗಳು ಕಾಗುಣಿತ ತಿದ್ದಿ ಕೊಡುತ್ತೇನೆ ಅಂದಿದ್ದಾಳೆ. ಕಾಗುಣಿತ ಬೇಕಾದರೆ ತಿದ್ದು, ಮಾತು ತಿದ್ದಬೇಡ ಎಂದು ಹೇಳಿಟ್ಟಿದ್ದೇನೆ.

ಮಾಸ್ತರರು ಯಾವ ಸರ್ಕಾರಿ ಶಾಲೆಯ ಮಾಸ್ತರರೂ ಅಲ್ಲ. ಶಹಾಬಾದಿನಲ್ಲಿ ಸ್ಟೇಷನ್ನಿನ ಕಡೆಗೆ ಹೋಗುವ ರಸ್ತೆಯಲ್ಲಿ ತಗಡಿನ ಮಾಡು ಹಾಕಿಕೊಂಡು ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದವರು. ಗೋರಿಯ ಕಲ್ಲು, ಮನೆಯ ಬಾಗಿಲಿನ ಕಲ್ಲು, ಬಾವಿ ಕಟ್ಟಿಸಿದವರ ಹೆಸರಿನ ಕಲ್ಲು. ಕನ್ನಡ ಬೇಕೆಂದವರಿಗೆ ಕನ್ನಡ, ಉರ್ದು ಬೇಕೆಂದವರಿಗೆ ಉರ್ದು. ನಮ್ಮ ಚರ್ಚಿನ ಹಿಂದಿನ ಸ್ಮಶಾನದಲ್ಲಿರುವ ಮುಕ್ಕಾಲು ಕಲ್ಲುಗಳು ಅವರ ಕೈಯವೇ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಿದ್ದರು. ಅದಕ್ಕೆ ಊರೆಲ್ಲ ಮಾಸ್ತರ ಎನ್ನುತ್ತಿತ್ತು.

ಅವರ ಕೆಲಸದ ರೀತಿ ಹೇಳಬೇಕು. ಯಾರಾದರೂ ಚೀಟಿ ತಂದುಕೊಟ್ಟರೆ ಉಳಿ ಮುಟ್ಟುತ್ತಿರಲಿಲ್ಲ. ಮೊದಲು ಚೀಟಿಯನ್ನು ಪೂರ್ತಿ ಗಟ್ಟಿಯಾಗಿ ಓದುವರು. ಆಮೇಲೆ ತಂದವನ ಬಾಯಿಂದ ಓದಿಸುವರು, ಅವನಿಗೆ ಓದು ಬಾರದಿದ್ದರೆ ಹೇಳಿಸುವರು. ಮೂರನೇ ಸಲ ಮತ್ತೆ ತಾವೇ. ಅಷ್ಟಾದ ಮೇಲೆ ಕೆಮ್ಮಣ್ಣು ಕಲಸಿ ಕಲ್ಲಿನ ಮೇಲೆ ಅಕ್ಷರ ಬರೆದು, ಒಣಗಲು ಬಿಟ್ಟು, ಚಹಾ ಕುಡಿದು ಬಂದು, ಇನ್ನೊಮ್ಮೆ ನೋಡಿ, ಆಗ ಉಳಿ ಹಿಡಿಯುವರು. ಗಡಿಬಿಡಿ ಮಾಡಿದವರಿಗೆ ಒಂದೇ ಉತ್ತರ:

"ಕಾಗದಾ ತಪ್ಪಾದ್ರ ಹರದು ಒಗೀಬಹುದು. ಕಲ್ಲು ತಪ್ಪಾದ್ರ ಅದು ನಿನ್ನ ಮನಿ ಮುಂದ ನಿಂತು ದಿನಾ ನಿನಗ ಬೈತದ."

ನಾನು ಚಿಂಚೋಳಿ ಕಡೆಯವಳು, ಚಂದ್ರಂಪಳ್ಳಿಯ ಹತ್ತಿರದ ಹಳ್ಳಿ. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮದುವೆಯಾಗಿ ಶಹಾಬಾದಿಗೆ ಬಂದಾಗ ನನಗೆ ನನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ. ಗಂಡ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ನಾನು ಹೊರುತ್ತಿದ್ದೆ. ಭಾನುವಾರ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬೇವಿನ ಮರದ ಆ ಬದಿ ಕುಳಿತು ಮಕ್ಕಳ ಪಾಠ ಕೇಳುತ್ತಿದ್ದೆ. ಮಾಸ್ತರರು ಎರಡು ವಾರ ನೋಡಿದರು. ಮೂರನೇ ವಾರ ಒಡೆದುಹೋದ ಗೋರಿಕಲ್ಲಿನ ಚೂರೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಅದರಲ್ಲಿ ನಾಲ್ಕು ಅಕ್ಷರ ಉಳಿದಿದ್ದವು.

"ತಂಗಿ, ಕಣ್ಣು ಓಡ್ತದ. ಬಟ್ಟು ಓಡಲ್ಲ. ಬಟ್ಟು ಇಟ್ಟು ಓದು" ಅಂದರು.

ಕೊರೆದ ಅಕ್ಷರದ ಗುಂಡಿಯಲ್ಲಿ ಬೆರಳಾಡಿಸಿ ಆಡಿಸಿ ನಾನು ಓದಲು ಕಲಿತೆ. ಒಂದು ವರ್ಷ ಹಿಡಿಯಿತು. ನನ್ನ ಜೊತೆ ಇನ್ನೂ ಐದಾರು ಹೆಂಗಸರು ಸೇರಿಕೊಂಡರು. ಇಂದಿಗೂ ಬೈಬಲ್ ಓದುವಾಗ ಬೆರಳಿಡದೆ ನನಗೆ ಓದಲು ಬರುವುದಿಲ್ಲ. ಸೊಸೆ ನಗುತ್ತಾಳೆ. ನಗಲಿ.

ಅಂಜೂರ ಎಂಬುದನ್ನು ನಾನು ಮೊದಲು ಕಂಡದ್ದು ಅವರ ಕೈಯಲ್ಲೇ. ಪುಸ್ತಕದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಹೆಜ್ಜೆಗೊಂದು ಅಂಜೂರದ ಮರ ಬರುತ್ತದೆ. ಅಂಜೂರ ಅಂದರೇನು ಎಂದು ಮಾಸ್ತರರು ಒಮ್ಮೆ ಕೇಳಿದರು. ನಮ್ಮಲ್ಲಿ ಒಬ್ಬಳು ಧೈರ್ಯ ಮಾಡಿ, "ಅತ್ತಿ ಇರಬೇಕ್ರಿ" ಅಂದಳು.

"ಯಾರ ಅತ್ತಿ? ನಿನ್ನ ಅತ್ತಿಯೇನು? ಅಕಿ ಬಾಯಾಗ ಅಷ್ಟು ಸಿಹಿ ಎಲ್ಲಿಂದ ಬರಬೇಕು" ಅಂದರು ಮಾಸ್ತರರು. ಅವಳ ಅತ್ತೆ ಅಲ್ಲೇ ಚರ್ಚಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡೆವು. ಮುಂದಿನ ಭಾನುವಾರ ಎಲ್ಲಿಂದಲೋ ಒಂದು ಸರ ಅಂಜೂರ ತಂದು, ಒಂದೊಂದು ಬಿಡಿಸಿ ಎಲ್ಲರ ಕೈಗೂ ಇಟ್ಟರು. ಬೆರಳ ಸಂದಿಯಲ್ಲಿದ್ದ ಕಲ್ಲಿನ ಪುಡಿ ಹಣ್ಣಿಗೂ ಅಂಟಿತ್ತು... ತಿಂದರೆ ಹಲ್ಲಿಗೆ ಕರಕರ ಅನ್ನುತ್ತಿತ್ತು. ಅದು ಹಣ್ಣಿನ ಬೀಜವೋ ಕಲ್ಲೋ ಆಗ ನನಗೆ ಗೊತ್ತಾಗಲಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯ ಹೊರಗಿನಿಂದ ಒಬ್ಬ ಉಪದೇಶಕನನ್ನು ಕರೆಸಿದ. ಹಿರಿಯ ಎಂದರೆ ವಯಸ್ಸಿಗಲ್ಲ, ಪದವಿಗೆ. ಗಣಿಯ ಗುತ್ತಿಗೆ ಅವನದ್ದು. ನನ್ನ ಗಂಡ, ಸಭೆಯ ಅರ್ಧ ಗಂಡಸರು, ಅವನ ಕೈಕೆಳಗೆ ದುಡಿಯುವವರು. ಉಪದೇಶಕ ದೊಡ್ಡದೊಂದು ಬಟ್ಟೆಯ ಚಿತ್ರ ತಂದಿದ್ದ. ಗೋಡೆಯ ಈ ತುದಿಯಿಂದ ಆ ತುದಿಗೆ ಕಟ್ಟಿಸಿದ. ಅದರಲ್ಲಿ ಒಂದು ಗಡಿಯಾರ, ಒಂದು ಮರ, ಒಂದು ದೇವಾಲಯ, ಆಮೇಲೆ ಬೆಂಕಿ, ರಕ್ತದ ಹೊಳೆ, ಮೇಲೆ ಮೋಡ, ಮೋಡದೊಳಗೆ ಬಿಳಿ ಬಟ್ಟೆ ಹಾಕಿಕೊಂಡ ಜನ. ಮೂರು ದಿನ ಸಂಜೆ ಕೂಟ.

ಅವನು ಹೇಳಿದ್ದು ಇಷ್ಟು. ಪ್ರವಾದಿಗಳು ಹೇಳಿದಂತೆ ಇಸ್ರಾಯೇಲರು ಚದುರಿಹೋದಲ್ಲಿಂದ ಮತ್ತೆ ತಮ್ಮ ದೇಶಕ್ಕೆ ಬಂದಿದ್ದಾರೆ. ಅಂಜೂರದ ಮರ ಎಂದರೆ ಇಸ್ರಾಯೇಲ್, ಅದು ಚಿಗುರಿದೆ. ಅದು ಚಿಗುರಿದ್ದನ್ನು ಕಂಡ ಸಂತತಿ ಅಳಿಯುವುದರೊಳಗೆ ಲೋಕದ ಅಂತ್ಯ. ಒಂದು ಸಂತತಿ ಎಂದರೆ ನಲವತ್ತು ವರ್ಷ, ಆ ದೇಶ ಹುಟ್ಟಿ ಆಗಲೇ ಮೂವತ್ತೆಂಟು ತುಂಬುತ್ತಾ ಬಂತು. ವಿಶ್ವಾಸಿಗಳನ್ನು ಮೋಡಕ್ಕೆ ಎತ್ತಿಕೊಳ್ಳಲಾಗುತ್ತದೆ. ಕೆಳಗೆ ಏಳು ವರ್ಷ ಮಹಾಸಂಕಟ. ಆಗ ಆ ದೇಶದಲ್ಲಿ ಮೂರರಲ್ಲಿ ಎರಡು ಪಾಲು ಜನ ಸಾಯುತ್ತಾರೆ, ಉಳಿದ ಒಂದು ಪಾಲು ಯೇಸುವನ್ನು ಒಪ್ಪಿಕೊಳ್ಳುತ್ತದೆ.

ಕೋಲನ್ನು ರಕ್ತದ ಹೊಳೆಯ ಮೇಲಿಟ್ಟು ಅವನು ಅದನ್ನು ಹೇಳಿದಾಗ ಸಭೆಯೆಲ್ಲ ದೇವರನ್ನು ಕೊಂಡಾಡಿ "ಸ್ತೋತ್ರ" ಅಂದಿತು. ನಾನೂ ಅಂದೆ. ಸುಳ್ಳು ಯಾಕೆ ಹೇಳಲಿ. ಎಲ್ಲರೂ ಅಂದರು, ನಾನೂ ಅಂದೆ.

ಗಂಡಸರ ಕಡೆಯಿಂದ ಮಾಸ್ತರರು ಎದ್ದು ನಿಂತರು.

"ಎರಡು ಪಾಲಿನಾಗ ಹೆಣ್ಮಕ್ಳು, ಕೂಸು ಬರ್ತಾವೇನ್ರಿ?"

"ಅದು ದೇವರ ಯೋಜನೆ, ಸಹೋದರರೇ" ಎಂದ ಉಪದೇಶಕ. ಅವನದು ಪುಸ್ತಕದ ಕನ್ನಡ.

"ಯೋಜನಾ ಇರಬಹುದ್ರಿ. ಸ್ತೋತ್ರ ಯಾಕಂದ್ರು ಅಂತ ಕೇಳ್ದೆ."

ಹಿರಿಯ ಕೆಮ್ಮಿ, ಹಾಡು ಎತ್ತಿಸಿದ.

ಮಾಸ್ತರರು ಹಟಮಾರಿ ಎಂದು ತಿಳಿಯಬಾರದು. ನಮ್ಮ ಹಳೆಯ ಪಾದ್ರಿ ಇದಕ್ಕೆ ಉಲ್ಟಾ ಹೇಳುತ್ತಿದ್ದರು. ಇಸ್ರಾಯೇಲ್ ಎಂದರೆ ಈಗ ಸಭೆಯೇ, ನಾವೇ, ಆ ಜನರ ಪಾಳಿ ಮುಗಿಯಿತು ಎನ್ನುತ್ತಿದ್ದರು. ಮಾಸ್ತರರು ಅದನ್ನೂ ಒಪ್ಪುತ್ತಿರಲಿಲ್ಲ. ತಮ್ಮ ಹಿತ್ತಲಿನ ಬಾರೆ ಹಣ್ಣಿನ ಗಿಡಕ್ಕೆ ತಾವೇ ಕಸಿ ಕಟ್ಟಿದ್ದರು, ಅದನ್ನೇ ತೋರಿಸಿ, ಬೇರು ಎಂದರೆ ಆ ಜನ ಎಂದು ನಮಗೆ ಹೇಳಿದ್ದರು:

"ನಾವು ಕಾಡು ಕೊಂಬಿ. ತಂದು ಕಟ್ಯಾರ, ಚಿಗತೀವಿ. ಬೇರಿಗೆ ನಿನ್ನ ಪಾಳಿ ಮುಗೀತು ಅನ್ನಾಕ ಕೊಂಬಿಗೆ ಎಷ್ಟು ಸೊಕ್ಕಿರಬೇಕು?"

ಹಾಗಾದರೆ ಪುಸ್ತಕದಲ್ಲಿರುವುದು ಆ ದೇಶವೇ ಹೌದೋ ಎಂದು ನಾನು ಕೇಳಿದ್ದೆ. ಅವರು ಕೆಮ್ಮಣ್ಣಿನಲ್ಲಿ ಎರಡು ಮಾತು ಬರೆದು ತೋರಿಸಿದರು. ಒಂದು ಇಸ್ರಾಯೇಲ್, ಇನ್ನೊಂದು ಇಸ್ರೇಲ್.

"ಇದು ಪುಸ್ತಕದಾಗಿಂದು, ಇದು ಪೇಪರ್‍ದಾಗಿಂದು. ಎರಡೂ ಒಂದೇನು ಅಂದ್ರ ನನಗ ಗೊತ್ತಿಲ್ಲ ತಂಗಿ. ಗೊತ್ತಿಲ್ಲ ಅನ್ನೋದು ಪಾಪ ಅಲ್ಲ. ಗೊತ್ತಿಲ್ಲದ್ದು ಕಲ್ಲಿನ ಮ್ಯಾಲ ಕೊರೆಯೋದು ಪಾಪ."

ಕೂಟ ಮುಗಿದ ಹುರುಪಿನಲ್ಲಿ ಹಿರಿಯನಿಗೆ ಒಂದು ವಿಚಾರ ಹೊಳೆಯಿತು. ಚರ್ಚಿನ ಬಾಗಿಲ ಪಕ್ಕದ ಗೋಡೆಗೆ ಒಂದು ಕಲ್ಲು ಕೂಡಿಸಬೇಕು, ಅದರ ಮೇಲೆ ಅಂಜೂರದ ಮರದ ವಚನ ಇರಬೇಕು. ಮಾಸ್ತರರಿಗೆ ಹೇಳಿ ಕಳಿಸಿದ. ಮಾಸ್ತರರು ಬೇಡ ಅನ್ನಲಿಲ್ಲ. ವಚನ ತಾನೇ, ಕೊರೆಯೋಣ ಅಂದರು. ತಾವೇ ಗಣಿಗೆ ಬಂದು ಬಿರುಕಿಲ್ಲದ ಒಂದು ಕಲ್ಲು ಆರಿಸಿದರು. ಆ ಕಲ್ಲಿನ ಒಂದು ತುದಿ ಹಿಡಿದು ಎತ್ತಿನ ಬಂಡಿಗೆ ಏರಿಸಿದವಳು ನಾನೇ.

ಎರಡು ದಿನ ಬಿಟ್ಟು ನಾನು ಮಾಸ್ತರರ ಅಂಗಡಿಯ ಮುಂದೆ ಹಾದು ಹೋಗುವಾಗ ಕಲ್ಲು ನಿಲ್ಲಿಸಿತ್ತು. ಮೇಲೆ ಕೆಮ್ಮಣ್ಣಿನಲ್ಲಿ ಎರಡು ಸಾಲು. ಮೊದಲನೇ ಸಾಲು: ಅಂಜೂರದ ಮರವನ್ನು ನೋಡಿರಿ. ಎರಡನೇ ಸಾಲು: ಎಲ್ಲಾ ಮರಗಳನ್ನೂ ನೋಡಿರಿ. ಹಿರಿಯನೂ ಉಪದೇಶಕನೂ ಅಲ್ಲೇ ನಿಂತಿದ್ದರು. ನಾನು ತಲೆಯ ಮೇಲಿನ ಬುಟ್ಟಿ ಇಳಿಸಿ ಸಿಂಬಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೆ.

"ಇದೇನ್ರಿ ಎಲ್ಲಾ ಮರ? ನಾ ಹೇಳಿದ್ದು ಅಂಜೂರದ ಮರ" ಎಂದ ಹಿರಿಯ.

"ನೀವು ಅರ್ಧಾ ಹೇಳಿದ್ರಿ. ಸುವಾರ್ತಾದಾಗ ಲೂಕ ಪೂರಾ ಹೇಳ್ಯಾನ" ಅಂದರು ಮಾಸ್ತರರು.

ಉಪದೇಶಕ ಸಮಾಧಾನದಿಂದ ತಿಳಿಸಿ ಹೇಳುವವನಂತೆ ಮುಂದೆ ಬಂದ. "ಸಹೋದರರೇ, ಅಂಜೂರ ಎಂದರೆ ಇಸ್ರಾಯೇಲ್. ಜನರು ನೋಡಬೇಕಾದದ್ದು ಅದನ್ನು. ಉಳಿದ ಮರಗಳಿಂದ ಗೊಂದಲವಾಗುತ್ತದೆ."

"ಆಗ್ಲಿ ಬಿಡ್ರಿ. ಉಳಿದ ಮರ ಯಾರ್‍ಯಾರು ಅಂತ ನೀವು ಹೇಳ್ರಿ, ಅವರ ಹೆಸರೂ ಕೊರದು ಕೊಡ್ತೀನಿ. ಕಲ್ಲು ದೊಡ್ಡದದ."

ಉಪದೇಶಕನ ಮುಖ ಬಿಗಿಯಿತು. ಹಿರಿಯ ಮುಚ್ಚುಮರೆ ಇಲ್ಲದೆ ಹೇಳಿದ:

"ಎರಡನೇ ಸಾಲು ಅಳಿಸ್ರಿ ಮಾಸ್ತರ್. ಇಲ್ಲಾಂದ್ರ ಮುಂದಿನ ಐತವಾರದಿಂದ ಬೇವಿನ ಗಿಡದ ಬುಡಕ ಬರಬ್ಯಾಡ್ರಿ. ಮಕ್ಕಳಿಗೆ ಕಲಿಸೋರು ಬ್ಯಾರೇದವ್ರು ಬರ್ತಾರ."

ಮಾಸ್ತರರಿಗೆ ಮಕ್ಕಳಿರಲಿಲ್ಲ, ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಆ ಬೇವಿನ ಮರದ ಬುಡ ಬಿಟ್ಟರೆ ಅವರಿಗೆ ಮನೆ ಎನ್ನುವಂಥದ್ದು ಇನ್ನೊಂದು ಇರಲಿಲ್ಲ. ಅದು ಹಿರಿಯನಿಗೂ ಗೊತ್ತಿತ್ತು. ಮಾಸ್ತರರು ಕಲ್ಲನ್ನು ನೋಡಿದರು, ಉಳಿಯನ್ನು ಅಲ್ಲೇ ಮಣ್ಣಿನ ಮೇಲಿಟ್ಟರು. "ಕೊರದ್ರ ಎರಡೂ ಕೊರೀತೀನಿ. ಇಲ್ಲಾಂದ್ರ ಒಂದೂ ಕೊರಿಯಂಗಿಲ್ಲ" ಅಂದರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಕೂಡಿಸಿದರು. ಹಳೆಯ ಪಾದ್ರಿಗೆ ಕಾಯಿಲೆ, ಬಂದಿರಲಿಲ್ಲ. ಹಿರಿಯ ಎದ್ದು ನಿಂತು, ಮಾಸ್ತರ ದೇವರ ವಾಕ್ಯಕ್ಕೆ ತನ್ನ ಮಾತು ಸೇರಿಸುತ್ತಿದ್ದಾನೆ ಎಂದ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಪವಾದವಿಲ್ಲ. ಕುಡುಕನನ್ನು ಸಭೆ ಕ್ಷಮಿಸುತ್ತದೆ, ವಾಕ್ಯಕ್ಕೆ ಸೇರಿಸಿದವನನ್ನು ಕ್ಷಮಿಸುವುದಿಲ್ಲ. ಉಪದೇಶಕ ಪುಸ್ತಕ ತೆರೆದು ಮತ್ತಾಯನ ಸುವಾರ್ತೆಯ ಭಾಗ ಓದಿದ. ಅದರಲ್ಲಿ ಅಂಜೂರದ ಮರ ಒಂದೇ ಇದೆ. ಎಲ್ಲಾ ಮರ ಇಲ್ಲ. ಪುಸ್ತಕವನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಇಲ್ಲಿ ಎಲ್ಲಿದೆ?" ಎಂದ.

"ಲೂಕ ತೆಗೀರಿ. ಇಪ್ಪತ್ತೊಂದನೇ ಅಧ್ಯಾಯ" ಅಂದರು ಮಾಸ್ತರರು.

ಒಬ್ಬರೂ ತೆಗೆಯಲಿಲ್ಲ. ಗಂಡಸರು ಕೈಯಲ್ಲಿ ಪುಸ್ತಕ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಪುಟ ತಿರುವಿದ ಸದ್ದು ಒಂದೇ ಒಂದು ಆಯಿತು, ಅದು ನನ್ನದು. ನಾವು ಹೆಂಗಸರು ಈ ಕಡೆ ಚಾಪೆಯ ಮೇಲೆ ಕುಳಿತಿದ್ದೆವು. ಆ ಜಾಗ ನನಗೆ ಸಿಕ್ಕಿತು. ಬೆರಳಿಟ್ಟೆ. ಇತ್ತು. ಅವರು ಹೇಳಿದ ಹಾಗೇ ಇತ್ತು, ಅಂಜೂರದ ಮರದ ಬೆನ್ನಿಗೇ ಎಲ್ಲಾ ಮರಗಳು.

ಹಿರಿಯ ನಮ್ಮ ಕಡೆ ತಿರುಗಿದ. ನಗುತ್ತಲೇ ಕೇಳಿದ. "ಯವ್ವಗೋಳ್ರಾ, ನಿಮಗ ಓದಾಕ ಕಲಿಸ್ಯಾರಲ್ಲ ಮಾಸ್ತರು. ನೀವರ ಹೇಳ್ರಿ, ಅದ ಏನು ಅಂಥಾದ್ದು?"

ನಾನು ತಲೆ ಎತ್ತಿದೆ. ಆ ಕಡೆಯಿಂದ ಗಂಡ ನನ್ನನ್ನೇ ನೋಡುತ್ತಿದ್ದ. ಬೇಡ ಎಂದು ಅವನ ಕಣ್ಣು ಹೇಳುತ್ತಿತ್ತು. ಮರುದಿನ ಬೆಳಗಾದರೆ ಅವನು ಹೋಗಬೇಕಾದದ್ದು ಹಿರಿಯನ ಗಣಿಗೆ. ಮಾಸ್ತರರು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ... ಅವರು ನನ್ನ ಮುಖ ನೋಡದೆ ನನ್ನ ಬೆರಳು ನೋಡಿದರು. ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಬೆರಳು. ನಾನು ಬಾಯಿ ಬಿಡಲಿಲ್ಲ. ನನ್ನ ಜೊತೆ ಓದಲು ಕಲಿತ ಐದಾರು ಹೆಂಗಸರಲ್ಲಿ ಯಾರೂ ಬಿಡಲಿಲ್ಲ. ಆದರೆ ಅವರ ಪುಸ್ತಕ ಮುಚ್ಚಿತ್ತು. ನನ್ನದು ತೆರೆದಿತ್ತು.

ಅಷ್ಟೇ. ಮಾಸ್ತರರಿಂದ ಸಂಡೇ ಸ್ಕೂಲ್ ಬಿಡಿಸಿದರು. ಚರ್ಚಿಗೆ ಬರಬೇಡ ಅನ್ನಲಿಲ್ಲ, ಆದರೆ ಬಂದರೆ ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಎರಡು ತಿಂಗಳು ಬಂದರು. ಆಮೇಲೆ ಅಂಗಡಿ ಮುಚ್ಚಿ ದಂಡೋತಿಗೆ, ತಂಗಿಯ ಮನೆಗೆ ಹೊರಟರು. ಹೋಗುವ ದಿನ ನಾನು ಬಸ್ಸಿನ ಹತ್ತಿರ ಹೋದೆ. ಕ್ಷಮಿಸಿರಿ ಎಂದು ಹೇಳಬೇಕೆಂದೇ ಹೋದದ್ದು, ಬಾಯಿಗೆ ಬರಲಿಲ್ಲ. ಅವರೇ ಕೇಳಿದರು.

"ತಂಗಿ, ಅವತ್ತು ನಿನ್ನ ಬಟ್ಟು ಯಾವ ಸಾಲಿನ ಮ್ಯಾಲಿತ್ತು?"

"ಎಲ್ಲಾ ಮರದ ಮ್ಯಾಲ ಇತ್ರಿ."

"ಹಂಗಾರ ಓದಾಕ ಬಂದದ ನಿನಗ" ಅಂದರು. ಉಳಿಗಳ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಬೈದಿದ್ದರೆ ನಾನು ಎರಡು ದಿನ ಅತ್ತು ಮರೆಯುತ್ತಿದ್ದೆ. ಅವರು ಪಾಠ ಒಪ್ಪಿಸಿದ ಮಗುವಿಗೆ ಹೇಳುವಂತೆ ಹೇಳಿ ಹೋದರು. ಮುಂದಿನ ವರ್ಷ ಅವರ ತಂಗಿ ಶಹಾಬಾದಿಗೆ ಬಂದಾಗ ಗೊತ್ತಾಯಿತು, ಮಾಸ್ತರರನ್ನು ಕಾಗಿಣಾ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿ ಹದಿನೈದು ದಿನವಾಗಿತ್ತು. ಸಭೆಯಲ್ಲಿ ತಿಳಿಸಿದೆವು. ಹಿರಿಯ ಒಂದು ಚಿಕ್ಕ ಪ್ರಾರ್ಥನೆ ಮಾಡಿಸಿದ. ಬಹಳ ಚಿಕ್ಕದು.

ಇನ್ನು ಕಲ್ಲು. ವಾಡಿಯಿಂದ ಇನ್ನೊಬ್ಬನನ್ನು ಕರೆಸಿ ಅದೇ ಕಲ್ಲಿನ ಮೇಲೆ ಮೊದಲನೇ ಸಾಲು ಮಾತ್ರ ಕೊರೆಸಿದರು. ಅವನಿಗೆ ಓದು ಬಾರದು, ಚೀಟಿಯ ಗೆರೆಗಳನ್ನು ನೋಡಿ ಕೊರೆಯುವವನು. ಅಂಜೂರದ ಜೂ ಅಕ್ಷರದ ಬಾಲ ಬಿಟ್ಟ. ಅಂಜುರದ ಮರವನ್ನು ನೋಡಿರಿ ಎಂದಾಯಿತು. ಸಂಡೇ ಸ್ಕೂಲಿನ ಮಕ್ಕಳು ಅದನ್ನು ಅಂಜುಬುರುಕ ಮರ ಎಂದು ಕರೆಯುತ್ತಿದ್ದವು. ಕಾಲದ ಗುರುತುಗಳನ್ನು ಓದಲು ಬರುತ್ತದೆ ಎಂದು ಎದೆ ತಟ್ಟಿಕೊಂಡ ಸಭೆಗೆ ತನ್ನ ಬಾಗಿಲ ಪಕ್ಕದ ಕಲ್ಲು ಓದಲು ಬರಲಿಲ್ಲ. ಇಂದಿಗೂ ತಿದ್ದಿಲ್ಲ. ಮಾಸ್ತರರು ಎರಡು ಸಾಲಿಗೆ ಅಳೆದು ತಂದ ಕಲ್ಲು ಅದು. ಕೆಳಗಿನ ಅರ್ಧ ಹಾಗೇ ಖಾಲಿ ನಿಂತಿದೆ.

ನಲವತ್ತು ವರ್ಷ ತುಂಬಿತು. ಯಾರೂ ಮೋಡಕ್ಕೆ ಹೋಗಲಿಲ್ಲ. ಮಗಳಿಗೆ ಓದು ಯಾಕೆ, ಅಂತ್ಯ ಬಂತಲ್ಲ ಎಂದು ಶಾಲೆ ಬಿಡಿಸಿದವರು ಸುಮ್ಮನೆ ಅವಳ ಮದುವೆ ಮಾಡಿದರು. ಹಿರಿಯ ಇನ್ನೊಂದು ಗಣಿ ಹಿಡಿದ. ನಾವು ತಪ್ಪು ಹೇಳಿದೆವು ಎಂದು ಯಾರಾದರೂ ಅಂದರೇ? ಇಲ್ಲ. ಸಂತತಿ ಎಂದರೆ ನಲವತ್ತಲ್ಲ, ಎಪ್ಪತ್ತು ಅಂದರು. ಎಪ್ಪತ್ತೂ ಹೋಯಿತು. ಈಗ ಎಂಬತ್ತು ಅನ್ನುತ್ತಿದ್ದಾರೆ. ಕಲ್ಲಿನಲ್ಲಿ ಕೊರೆದ ಅಕ್ಷರ ತಿದ್ದಲಾರದವರು ಬಾಯಿಂದ ಹೇಳಿದ ವರ್ಷವನ್ನು ಎಷ್ಟು ಸಲೀಸಾಗಿ ತಿದ್ದಿಕೊಳ್ಳುತ್ತಾರೆ ನೋಡಿ.

ಹಿಂದಿನ ವಾರ ಬುಧವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಹೆಂಗಸರ ಪ್ರಾರ್ಥನೆ ಇತ್ತು. ಸೊಸೆ ಫೋನನ್ನು ಸ್ಟೀಲ್ ಚೆಂಬಿಗೆ ಆನಿಸಿ ನಿಲ್ಲಿಸಿದಳು. ಅದರೊಳಗೆ ಒಬ್ಬ ಉಪದೇಶಕ, ಕೋಟು ಹಾಕಿಕೊಂಡವನು. ಅವನ ಹಿಂದೆ ಆ ದೇಶದ ಕಡೆಯ ಯುದ್ಧದ ಚಿತ್ರ, ಬಿದ್ದ ಮನೆಗಳು, ಹೊಗೆ, ಯಾರೋ ಒಬ್ಬಳು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹಿಡಿದುಕೊಂಡು ಓಡುತ್ತಿದ್ದಳು. ಅವಳು ಯಾವ ಕಡೆಯವಳೋ ನನಗೆ ತಿಳಿಯಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಸಂತೋಷಪಡಿರಿ, ಅಂಜೂರದ ಮರವನ್ನು ನೋಡಿರಿ, ಗಡಿಯಾರ ಓಡುತ್ತಿದೆ ಎಂದು ಕೂಗುತ್ತಿದ್ದ. ನಮ್ಮ ಹೆಂಗಸರು "ಸ್ತೋತ್ರ" ಅಂದರು.

ನಾನು ಎದ್ದು ಫೋನಿನ ಮುಂದೆ ಬಂದು ನಿಂತೆ.

"ಬಂದ್ ಮಾಡು ಅದನ್ನ" ಅಂದೆ.

"ಅತ್ತಿ, ಜರಾ ಸುಮ್ಕಿರ್ರಿ. ಎಲ್ಲಾರೂ ಕುಂತಾರ" ಎಂದಳು ಸೊಸೆ.

"ಕುಂದ್ರಲಿ. ಆ ಕೂಸು ಕಂಡೀರಿಲ್ಲ? ಯಾವುದಕ್ಕ ಸ್ತೋತ್ರ ಅಂದ್ರಿ, ಹೇಳ್ರಿ."

ಒಬ್ಬಳು ತಗ್ಗಿದ ದನಿಯಲ್ಲಿ, "ಅಮ್ಮಾ, ಅವರು ಭಾಳ ದೊಡ್ಡ ಸೇವಕರು ಇದ್ದಾರ. ವಾಕ್ಯದ ಪ್ರಕಾರನೇ ಹೇಳ್ಲಾಕತ್ತಾರ" ಅಂದಳು.

ಮೊಮ್ಮಗಳನ್ನು ಕರೆದೆ. ಲೂಕ, ಇಪ್ಪತ್ತೊಂದು, ಅಂಜೂರದ ಮರ ಇರುವಲ್ಲಿಂದ ಓದು, ನಾನು ಸಾಕು ಅನ್ನುವ ತನಕ ನಿಲ್ಲಿಸಬೇಡ ಎಂದೆ. ಅವಳು ಓದಿದಳು. ಎಲ್ಲಾ ಮರಗಳು ಎಂಬಲ್ಲಿಗೆ ಬಂದಾಗ ನಾನು ಸಾಕು ಅಂದೆ. ಆಮೇಲೆ ಆ ಹೆಂಗಸೇ, "ಇರಬಹುದಮ್ಮಾ... ಅದೇನು ಮುಖ್ಯ ಅಲ್ಲ ಬಿಡ್ರಿ" ಅಂದು ಹಾಡಿನ ಪುಸ್ತಕ ತೆಗೆದಳು. ಇಷ್ಟೇ ನನ್ನ ಗೆಲುವು. ಇಷ್ಟು ಹೇಳಲು ನನಗೆ ಹತ್ತಿರಹತ್ತಿರ ನಲವತ್ತು ವರ್ಷ ಹಿಡಿಯಿತು. ಅಂದು ಗಂಡನ ಕೂಲಿ ಹೋಗುತ್ತದೆಂಬ ಹೆದರಿಕೆ ಇತ್ತು. ಈಗ ಗಂಡನೂ ಇಲ್ಲ, ಗಣಿಯೂ ಮುಚ್ಚಿದೆ. ಹೆದರಿಕೆ ಹೋದ ಮೇಲೆ ಹೇಳಿದ್ದನ್ನು ನಾನು ಧೈರ್ಯ ಎಂದು ಕರೆಯುವುದಿಲ್ಲ.

ಶನಿವಾರ ಚರ್ಚು ಗುಡಿಸುವ ಪಾಳಿ ನನ್ನದು. ಆ ವಾರ ನೆಲ ಒರೆಸಿ ಆದ ಮೇಲೆ ಒಂದು ಕರಟದಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಾಗಿಲ ಪಕ್ಕದ ಕಲ್ಲಿನ ಮುಂದೆ ಕುಳಿತೆ. ಮೊದಲು ಮೇಲಿನ ಸಾಲಿನ ಜೂ ಅಕ್ಷರಕ್ಕೆ ಬಾಲ ಎಳೆದೆ. ಆಮೇಲೆ ಖಾಲಿ ಇದ್ದ ಅರ್ಧದಲ್ಲಿ ಎರಡನೇ ಸಾಲು ಬರೆದೆ. ಪೂರ್ತಿ ಗಟ್ಟಿಯಾಗಿ ಓದಿದೆ, ಮೂರು ಸಲ. ಈಗಿನ ಪಾದ್ರಿ ಚಿಕ್ಕ ವಯಸ್ಸಿನವನು, ಸದ್ದು ಕೇಳಿ ಹೊರಗೆ ಬಂದ.

"ಅಜ್ಜಿ, ಇದೇನು ಮಾಡ್ಲಾಕತ್ತೀರಿ?"

"ಮೊದಲು ಲೂಕ ತೆಗೀರಿ. ಆಮ್ಯಾಲ ಕೇಳ್ರಿ."

ತೆಗೆದ. ಅದೊಂದು ಮೆಚ್ಚಬೇಕು, ಆ ಸಭೆಯಲ್ಲಿ ಮತ್ತೊಬ್ಬರು ಆ ಪುಟ ತೆಗೆದದ್ದು ನಾನು ಕಂಡೆ. ಓದಿದ. ಕಲ್ಲು ನೋಡಿದ. "ಅಜ್ಜಿ, ಬರದದ್ದು ಖರೇನೇ ಅದ. ಆದ್ರ ಕಮಿಟಿಯವರನ್ನ ಕೇಳಬೇಕಾಗ್ತದ" ಅಂದ. ಕಮಿಟಿ ಎಂದರೆ ಆ ಹಿರಿಯನ ಮಗ. ಭಾನುವಾರ ನಾನು ಹೋಗುವುದರೊಳಗೆ ಯಾರೋ ಹಸಿ ಬಟ್ಟೆಯಿಂದ ಒರೆಸಿದ್ದರು. ಕಲ್ಲಿನ ಮೇಲೆ ಕೆಂಪು ನೀರು ಇಳಿದ ಗುರುತು ಇತ್ತು.

ಈ ಶನಿವಾರ ಮತ್ತೆ ಬರೆದೆ. ಒರೆಸಲಿ, ಪಾಳಿ ನನ್ನದೇ ಇರುವವರೆಗೆ ಬರೆಯುತ್ತೇನೆ. ಕೆಮ್ಮಣ್ಣು ನೀರಿಗೆ ನಿಲ್ಲುವುದಿಲ್ಲ, ಅದು ನನಗೂ ಗೊತ್ತು. ಉಳಿ ಹಿಡಿಯುವ ಕೈ ನನ್ನದಲ್ಲ, ಹಿಡಿಯುತ್ತಿದ್ದ ಕೈ ದಂಡೋತಿಯ ಮಣ್ಣಿನಲ್ಲಿದೆ. ಅದರ ಮೇಲೆ ಯಾರು ಕಲ್ಲು ಇಟ್ಟರೋ, ಏನು ಕೊರೆದರೋ, ನಾನು ಹೋಗಿ ನೋಡಿಲ್ಲ. ಹೋಗಲು ಬಸ್ಸಿಗೆ ಎಷ್ಟು ಹೊತ್ತು... ಹೋಗಲಿಲ್ಲ.

ಅಂಜೂರ ಎರಡು ನೆನೆಹಾಕಿದ್ದೆ, ತಿಂದೆ. ಹಲ್ಲಿಗೆ ಕರಕರ ಅಂದದ್ದು ಬೀಜವೇ, ಕಲ್ಲಲ್ಲ. ಆಮೇಲೆ ಪುಸ್ತಕ ತೆಗೆದು ಆ ಪುಟ ಹುಡುಕಿ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಬೆರಳು ಸರಿಯಾದ ಜಾಗದಲ್ಲೇ ಇತ್ತು. ನೋಡಬೇಕಾದವರು ಇರಲಿಲ್ಲ.